ಸೋಲ್‌ನಲ್ಲಿ ವೀಗನ್ ಊಟ: ಮೊದಲು ಸಾರು ಯಾವುದರದ್ದು ಕೇಳಿ

ದಕ್ಷಿಣ ಕೊರಿಯಾಕ್ಕೆ ಹೊರಟ ಸಸ್ಯಾಹಾರಿಗೆ ನೆಂಟರಿಷ್ಟರು ಕೊಡುವ ಸಲಹೆ ಒಂದೇ: ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗು. ಕಟ್ಟಿಕೊಳ್ಳಿ, ತಪ್ಪಿಲ್ಲ. ಆದರೆ ಬೆಟ್ಟದ ಸೊಪ್ಪು, ಸೋಯಾ ಮೊಳಕೆ, ತೋಫು, ಅಣಬೆ, ಕಡಲಪಾಚಿ, ಎಳ್ಳೆಣ್ಣೆಯನ್ನು ಇಷ್ಟು ಚೆನ್ನಾಗಿ ಬಳಸುವ ಊರಿಗೆ ಹೋಗಿ ಬಾಳೆಹಣ್ಣು ತಿಂದು ದಿನ ದೂಡುವುದು ನಷ್ಟವೇ ಸರಿ. ಕೊರಿಯನ್ನರ ಹಳೆಯ ಅಡುಗೆಯಲ್ಲಿ ಹಾಲು, ಬೆಣ್ಣೆ ಇಲ್ಲವೆನ್ನುವಷ್ಟು ಕಡಿಮೆ. ನಮ್ಮೂರಿನ ವೀಗನ್‌ಗಳಿಗೆ ತುಪ್ಪ, ಮೊಸರಿನ ಕಾಟ. ಅಲ್ಲಿ ಮೀನಿನ ಕಾಟ. ಅದೂ ಕಣ್ಣಿಗೆ ಕಾಣದ ಮೀನು.

ಅಡಗಿರುವುದು ಎಲ್ಲಿ?

ನಮ್ಮ ಸಾರಿಗೆ ಬೇಳೆಕಟ್ಟು ಹೇಗೋ, ಅಲ್ಲಿನ ಎಷ್ಟೋ ಸಾರುಗಳಿಗೆ ಒಣಗಿಸಿದ ಆಂಚೊವಿ ಎಂಬ ಪುಟ್ಟ ಮೀನನ್ನು ಕುದಿಸಿದ ನೀರು ಹಾಗೆ. ಸೋಯಾಕಾಳು ಹುಳಿಸಿ ಮಾಡುವ ದ್ವೆಂಜಾಂಗ್ ಸಸ್ಯಜನ್ಯವೇ. ಅದನ್ನು ಕದಡಿ ಮಾಡಿದ ಬಿಸಿ ಸಾರು ಸಾಮಾನ್ಯವಾಗಿ ಅಲ್ಲ. ಕಿಮ್ಚಿ ನೋಡಲು ಬರೀ ಎಲೆಕೋಸು, ಮೆಣಸಿನಪುಡಿ. ಒಳಗೆ ಹುಳಿಸಿದ ಸಿಗಡಿಯೋ ಮೀನಿನ ರಸವೋ ಇರುತ್ತದೆ. ಅಕ್ಕಿ ಕಡುಬಿನಂತಿರುವ ತೊಕ್‌ಬೊಕ್ಕಿಯ ಕೆಂಪು ಗೊಜ್ಜಿನಲ್ಲೂ ಅದೇ ಆಂಚೊವಿ ನೀರು, ಜೊತೆಗೆ ಮೀನಿನ ಕೇಕು. ಸೋಲ್‌ನ ಗ್ವಾಂಗ್‌ಜಾಂಗ್ ಮಾರುಕಟ್ಟೆಯಲ್ಲಿ ಹೆಸರುಬೇಳೆ ರುಬ್ಬಿ ಹೊಯ್ಯುವ ಬಿಂದೆತೊಕ್ ಕಂಡು ಪೆಸರಟ್ಟು ನೆನಪಾಗಿ ಕೈಚಾಚಬೇಡಿ. ಹಿಟ್ಟಿನಲ್ಲಿ ಹಂದಿಮಾಂಸ ಸೇರಿಸುವುದುಂಟು.

ಆದ್ದರಿಂದ 'ಇದು ವೆಜ್ಜಾ?' ಎಂದು ಕೇಳಿ ಪ್ರಯೋಜನವಿಲ್ಲ. ಸಾರು ಯಾವುದರದ್ದು, ಕಿಮ್ಚಿಯಲ್ಲಿ ಏನಿದೆ ಎಂದು ಕೇಳಬೇಕು.

ಹೊರಡುವ ಮುನ್ನ ಫೋನಿನಲ್ಲಿ

ವೀಗನ್ ಹೋಟೆಲುಗಳ ಪಟ್ಟಿಗೆ ಹ್ಯಾಪಿಕೌ ಆ್ಯಪ್ ಸಾಕು. ದಾರಿಗೆ ಮಾತ್ರ ನೇವರ್ ಮ್ಯಾಪ್ ಅಥವಾ ಕಕಾವೊ ಮ್ಯಾಪ್ ಹಾಕಿಕೊಳ್ಳಿ. ನಕ್ಷೆಯ ವಿವರಗಳನ್ನು ದೇಶದಾಚೆ ಒಯ್ಯಲು ಕೊರಿಯಾ ಸರ್ಕಾರ ಬಹುಕಾಲ ಒಪ್ಪದಿದ್ದುದರಿಂದ ಗೂಗಲ್ ಮ್ಯಾಪ್ ಅಲ್ಲಿ ಹಿಂದೆ ಬಿದ್ದಿದೆ. ಹ್ಯಾಪಿಕೌನಲ್ಲಿ ಕಂಡ ಹೋಟೆಲನ್ನು ನೇವರ್‌ನಲ್ಲಿ ಮತ್ತೊಮ್ಮೆ ಹುಡುಕಿ, ಇನ್ನೂ ನಡೆಯುತ್ತಿದೆಯೇ ನೋಡಿ. ಸೋಲ್‌ನಲ್ಲಿ ಸಣ್ಣ ಹೋಟೆಲುಗಳು ಬೇಗ ಬಾಗಿಲು ಹಾಕುತ್ತವೆ. ಮಧ್ಯಾಹ್ನ 3ರಿಂದ 5ರವರೆಗೆ ಒಲೆ ಆರಿಸುವ ಜಾಗಗಳೂ ಬಹಳ.

ಹುಡುಕಲು ಮೂರು ಮಾತು ಕೊರಿಯನ್ ಲಿಪಿಯಲ್ಲಿ ಬರೆದಿಟ್ಟುಕೊಳ್ಳಿ: ಬಿಗನ್ ಎಂದರೆ ವೀಗನ್, ಛೆಶಿಕ್ ಎಂದರೆ ಸಸ್ಯಾಹಾರ, ಸಾಛಾಲ್ ಉಮ್ಶಿಕ್ ಎಂದರೆ ಬೌದ್ಧ ದೇಗುಲದ ಊಟ. ಮೂರನೆಯದೇ ನಿಜವಾದ ನಿಧಿ.

ಮೊದಲ ದಿನ ಇನ್ಸಾದೊಂಗ್‌ಗೆ

ಸಬ್‌ವೇಯ 3ನೇ ಲೈನಿನ ಆನ್‌ಗುಕ್ ನಿಲ್ದಾಣದಲ್ಲಿ ಇಳಿದರೆ ಇನ್ಸಾದೊಂಗ್ ಬೀದಿ, ಜೋಗ್ಯೆಸಾ ದೇವಾಲಯ ಎರಡೂ ನಡೆದು ಹೋಗುವಷ್ಟು ಹತ್ತಿರ. ದೇವಾಲಯದ ಎದುರು ಬೌದ್ಧ ಸಂಘವೇ ನಡೆಸುವ ಬಾಲು ಗೊಂಗ್ಯಾಂಗ್ ಎಂಬ ಹೋಟೆಲು ಇದೆ. ಸೋಲ್‌ನ ಮೊದಲ ಮಿಷೆಲಿನ್ ಗೈಡ್‌ನಲ್ಲಿ, ಅಂದರೆ 2017ರ ಆವೃತ್ತಿಯಲ್ಲಿ, ಅದಕ್ಕೆ ಒಂದು ನಕ್ಷತ್ರ ಸಿಕ್ಕಿತ್ತು. ಮುಂಚೆಯೇ ಜಾಗ ಕಾದಿರಿಸಬೇಕು, ಜೇಬಿಗೂ ಭಾರ. ಆದರೂ ಒಂದು ಹೊತ್ತು ಅಲ್ಲಿ ಉಣ್ಣಿ ಎಂದೇ ನನ್ನ ಶಿಫಾರಸು. ಅದೇ ಆಸುಪಾಸಿನಲ್ಲಿ ದೇಗುಲದ ಊಟಕ್ಕೆ ಸಾನ್‌ಛೋನ್ ಹಳೆಯ ಹೆಸರು. ದಿನನಿತ್ಯದ ಕೊರಿಯನ್ ತಿನಿಸನ್ನೇ ಪೂರ್ತಿ ವೀಗನ್ ಆಗಿ ತಿನ್ನಬೇಕೆಂದರೆ ಓಸೆಗ್ಯೆಹ್ಯಾಂಗ್.

ದೇಗುಲದ ಅಡುಗೆಯಲ್ಲಿ ಮೀನು, ಮಾಂಸ ಇಲ್ಲ. ಬೆಳ್ಳುಳ್ಳಿ, ಈರುಳ್ಳಿ ಜಾತಿಯವೂ ಸೇರಿ ಐದು ಘಾಟಿನ ಪದಾರ್ಥ ನಿಷಿದ್ಧ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟ ನಮ್ಮ ಮನೆಗಳು ಆ ಜಾಗಕ್ಕೆ ಇಂಗು ತಂದುಕೊಂಡವಲ್ಲ, ಆ ಐದರ ಪಟ್ಟಿಯಲ್ಲಿ ಇಂಗೂ ಒಂದು! ಹಾಗಾದರೆ ರುಚಿ ಎಲ್ಲಿಂದ? ಒಣ ಶಿಟಾಕೆ ಅಣಬೆ, ದಾಶಿಮಾ ಎಂಬ ದಪ್ಪ ಕಡಲಪಾಚಿ, ವರ್ಷಗಟ್ಟಲೆ ಜಾಡಿಯಲ್ಲಿ ಕಳಿತ ಸೋಯಾ. ವೀಗನ್‌ಗಳು ಜೇನುತುಪ್ಪ ಹಾಕಿದ್ದೀರಾ ಎಂಬುದೊಂದನ್ನು ಕೇಳಿಕೊಂಡರೆ ಸಾಕು.

ಮಾಮೂಲಿ ಹೋಟೆಲಿನಲ್ಲಿ

'ಗೋಗಿ ಪ್ಪೆಜುಸೆಯೊ', ಮಾಂಸ ಹಾಕಬೇಡಿ, ಎಂದು ಹಲವು ಕಡೆ ಕಲಿಸುತ್ತಾರೆ. ಗೋಗಿ ಎಂದಾಗ ಮೀನಾಗಲಿ ಮೊಟ್ಟೆಯಾಗಲಿ ಅಡುಗೆಯವರ ಲೆಕ್ಕಕ್ಕೆ ಬರುವುದಿಲ್ಲ. ಹ್ಯಾಮ್ ಕೂಡ ತಪ್ಪಿಸಿಕೊಳ್ಳಬಹುದು. ಒಂದೊಂದನ್ನೂ ಹೆಸರು ಹಿಡಿದು ಹೇಳಿ: ಸೆಂಗ್‌ಸೊನ್ ಮೀನು, ಹೆಮುಲ್ ಸಿಗಡಿ ಚಿಪ್ಪಿನಂಥವು, ಗ್ಯೆರಾನ್ ಮೊಟ್ಟೆ, ಎಕ್‌ಜೊತ್ ಮೀನಿನ ರಸ, ಮ್ಯೊಲ್ಛಿ ಯುಕ್ಸು ಆಂಚೊವಿ ನೀರು. ಚೀಟಿಯಲ್ಲಿ ಬರೆದು ತೋರಿಸುವುದು ಇನ್ನೂ ಒಳ್ಳೆಯದು. ಮಾತು ನಿಂತಲ್ಲಿ 1330ಕ್ಕೆ ಕರೆ ಮಾಡಿ ಫೋನನ್ನು ಹೋಟೆಲಿನವರ ಕೈಗೆ ಕೊಡಿ. ಅದು ಪ್ರವಾಸಿಗರ ಸಹಾಯವಾಣಿ, ಇಂಗ್ಲಿಷ್ ಬಲ್ಲವರು ಮಾತು ದಾಟಿಸುತ್ತಾರೆ.

ಅನ್ನದ ಮೇಲೆ ತರಕಾರಿ ಹರವಿ ಕಲಸಿ ತಿನ್ನುವ ಬಿಬಿಂಬಾಪ್, ಮಾಂಸ, ಮೊಟ್ಟೆ ಬಿಟ್ಟು ಹಾಕಿಸಿಕೊಳ್ಳುವುದು ಸುಲಭ. ಜೊತೆಗೆ ಬರುವ ಸಾರನ್ನು ಪಕ್ಕಕ್ಕಿಡಿ. ಬೇಸಿಗೆಯಾದರೆ ಕೊಂಗ್‌ಗುಕ್ಸು ಹುಡುಕಿ. ತಣ್ಣನೆಯ ಗಟ್ಟಿ ಸೋಯಾಹಾಲಿನಲ್ಲಿ ಶ್ಯಾವಿಗೆ, ಮೇಲೆ ಸೌತೆಕಾಯಿ. ಕೆಲವು ಊಟಗಳನ್ನು ಇಬ್ಬರಿಗೆ ಕಡಿಮೆ ಬಡಿಸುವುದಿಲ್ಲ. ಒಬ್ಬರೇ ಹೋದವರು ಕೂರುವ ಮೊದಲೇ ವಿಚಾರಿಸಿ.

ರಾತ್ರಿ ಹಸಿದರೆ

ಬೀದಿಗೊಂದು ಸಿಯು, ಜಿಎಸ್25 ಅಂಗಡಿ ಇರುತ್ತದೆ. ಬಿಸಿ ಮಾಡಿಕೊಳ್ಳುವ ಅನ್ನದ ಡಬ್ಬಿ, ಹುರಿದ ಕಡಲಪಾಚಿ, ತೋಫು, ಸೋಯಾಹಾಲು, ಚಳಿಗಾಲದಲ್ಲಿ ಸುಟ್ಟ ಸಿಹಿಗೆಣಸು, ಇಷ್ಟರಲ್ಲಿ ಒಂದು ಹೊತ್ತು ಸಾಗುತ್ತದೆ. ಪೊಟ್ಟಣದ ಹಿಂದಿನ ಅಲರ್ಜಿ ಪಟ್ಟಿಯನ್ನು ಫೋನಿನ ಕ್ಯಾಮೆರಾದಿಂದ ಅನುವಾದಿಸಿ ಓದಿ. ಹಾಲು, ಮೊಟ್ಟೆ, ದನ, ಹಂದಿ, ಕೋಳಿ, ಸಿಗಡಿ ಎಲ್ಲ ಅಲ್ಲಿ ಕಾಣಸಿಗುತ್ತವೆ. ಆದರೆ ನಮೂದಿಸಲೇಬೇಕಾದ ಆ ಪಟ್ಟಿಯಲ್ಲಿ ಆಂಚೊವಿ ಇಲ್ಲ! ಅದಕ್ಕೆ ಪೂರ್ತಿ ಪದಾರ್ಥಪಟ್ಟಿಯನ್ನೇ ನೋಡಬೇಕು.

ಮೇ ತಿಂಗಳ ಹೊತ್ತಿಗೆ ಹೋಗುವವರು ಬುದ್ಧ ಜಯಂತಿ ಯಾವತ್ತು ಬೀಳುತ್ತದೆ ಎಂದು ನೋಡಿಕೊಳ್ಳಿ. ಅಂದು ಅನೇಕ ದೇವಾಲಯಗಳಲ್ಲಿ ಬಂದವರಿಗೆಲ್ಲ ತರಕಾರಿ ಬಿಬಿಂಬಾಪ್ ಪುಕ್ಕಟೆಯಾಗಿ ಬಡಿಸುತ್ತಾರೆ. ಸರದಿ ಉದ್ದವಿರುತ್ತದೆ, ಮಧ್ಯಾಹ್ನಕ್ಕೆ ಮುಂಚೆಯೇ ಹೋಗಿ ನಿಲ್ಲಿ.