ಮನೆಗೇ ಬರುವ ವರ್ತನಾ ಚಿಕಿತ್ಸೆ: ಹೆತ್ತವರು ಏನನ್ನು ನಿರೀಕ್ಷಿಸಬಹುದು?

ಮಾರ್ಕನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಒಬ್ಬ ತಂದೆ ಅಸ್ವಸ್ಥನಾದ ತನ್ನ ಮಗನನ್ನು ಯೇಸುಸ್ವಾಮಿಯ ಬಳಿಗೆ ಕರೆತರುತ್ತಾನೆ. ಹುಡುಗ ನೆಲಕ್ಕೆ ಬಿದ್ದು ಹೊರಳಾಡುತ್ತಾನೆ, ಜನ ಸುತ್ತುವರಿಯುತ್ತಾರೆ. ಸ್ವಾಮಿ ಅವನನ್ನು ಗುಣಪಡಿಸುವ ಮೊದಲು, ಎಷ್ಟು ಕಾಲದಿಂದ ಹೀಗಿದೆ ಎಂದು ತಂದೆಯನ್ನು ವಿಚಾರಿಸುತ್ತಾರೆ. ಮಗುವನ್ನು ಬಲ್ಲವರು ಹೆತ್ತವರು. ಅವರ ಮಾತಿಗೆ ಕಿವಿಗೊಟ್ಟೇ ಮುಂದಿನ ಕೆಲಸ. ಒಳ್ಳೆಯ ಚಿಕಿತ್ಸಕರೂ ಇಲ್ಲಿಂದಲೇ ಆರಂಭಿಸುತ್ತಾರೆ.

ಆಟಿಸಂ ಇರುವ ಮಕ್ಕಳಿಗೆ, ಅತಿಯಾದ ಹಟ ಅಥವಾ ಚಂಚಲತೆಯಿಂದ ಕಷ್ಟಪಡುವ ಮಕ್ಕಳಿಗೆ ವೈದ್ಯರು ಇಂದು 'ಬಿಹೇವಿಯರ್ ಥೆರಪಿ', ಅಂದರೆ ವರ್ತನಾ ಚಿಕಿತ್ಸೆಯನ್ನು ಸೂಚಿಸುವುದುಂಟು. ದೊಡ್ಡ ನಗರಗಳಲ್ಲಿ ಚಿಕಿತ್ಸಕರು ಮನೆಗೇ ಬರುತ್ತಾರೆ. ಬೇರೆಡೆ ಕೇಂದ್ರದಲ್ಲಿ ತಂದೆತಾಯಿಗೆ ಕಲಿಸಿ, ಮನೆಯಲ್ಲಿ ಮಾಡಿಸಲು ಹೇಳುತ್ತಾರೆ. ಎರಡರಲ್ಲೂ ತಿಳಿಯಬೇಕಾದ ಮುಖ್ಯ ವಿಷಯ ಒಂದೇ: ಈ ಚಿಕಿತ್ಸೆಯಲ್ಲಿ ಕಲಿಯುವುದು ಮಗು ಮಾತ್ರವಲ್ಲ, ಇಡೀ ಮನೆ.

1. ಇದು ಯಾರ ಪಾಪದ ಫಲವೂ ಅಲ್ಲ

ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ಹೆತ್ತವರೋ ಎಂದು ಕೇಳಿದರು. ಇಬ್ಬರೂ ಅಲ್ಲವೆಂದು ಸ್ವಾಮಿ ಸ್ಪಷ್ಟಪಡಿಸಿದರು (ಯೊವಾನ್ನ 9). ಆದರೂ ಆ ಪ್ರಶ್ನೆ ನಮ್ಮ ನಡುವೆ ಇನ್ನೂ ಸತ್ತಿಲ್ಲ. ಒಂದು ಕಾಲದಲ್ಲಿ ಕೆಲವು ವೈದ್ಯರೇ ತಾಯಿಯ ಪ್ರೀತಿ ಸಾಲದ್ದರಿಂದ ಆಟಿಸಂ ಬರುತ್ತದೆ ಎನ್ನುತ್ತಿದ್ದರು. ಸ್ವತಃ ಅಂಥ ಮಗನ ತಂದೆಯಾಗಿದ್ದ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಾದವನ್ನು ಅಲ್ಲಗಳೆದರು. ಆಟಿಸಂ ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು ಎಂಬುದು ಇಂದು ಖಚಿತ. ಆದುದರಿಂದ ತಾಯಂದಿರೇ, ಆ ಹೊರೆಯನ್ನು ಇಳಿಸಿಬಿಡಿ.

2. ಮೊದಲ ದಿನಗಳು

ಮೊದಲ ಕೆಲವು ಭೇಟಿಗಳಲ್ಲಿ ಚಿಕಿತ್ಸಕರು ಹೆಚ್ಚಾಗಿ ನೋಡುತ್ತಾರೆ, ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ಮಗುವಿನೊಡನೆ ಆಡುತ್ತಾರೆ. 'ಬರೀ ಆಟವಾಡಿ ಹೋದರು' ಎಂದು ಬೇಸರಿಸಬೇಡಿ. ಅವರು ಹುಡುಕುವುದು ಮೂರು ಸಂಗತಿ: ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು.

ಒಂದು ಉದಾಹರಣೆ: ಮಾತು ಬಾರದ ಐದು ವರ್ಷದ ಹುಡುಗ ದಿನವೂ ಊಟದ ತಟ್ಟೆ ಎಸೆಯುತ್ತಾನೆ. ಕೂಡಲೇ ಅಮ್ಮ ಊಟ ನಿಲ್ಲಿಸಿ ಮೊಬೈಲ್ ಕೊಡುತ್ತಾರೆ. ತಟ್ಟೆ ಎಸೆದರೆ ಊಟ ಮುಗಿಯುತ್ತದೆ ಎಂದು ಅವನು ಕಲಿತಿದ್ದಾನೆ. ಅದು ದುಷ್ಟತನವಲ್ಲ, ಅವನಿಗಿರುವ ಒಂದೇ ಭಾಷೆ. ಬೈದರೆ ಆ ಭಾಷೆ ಬದಲಾಗದು. 'ಸಾಕು' ಎನ್ನಲು ಒಂದು ಕೈಸನ್ನೆಯನ್ನೋ ಚಿತ್ರದ ಚೀಟಿಯನ್ನೋ ಕಲಿಸಿ, ಅದನ್ನು ತೋರಿಸಿದೊಡನೆ ತಟ್ಟೆ ತೆಗೆದರೆ, ಎಸೆಯುವ ಅಗತ್ಯವೇ ಕಡಿಮೆಯಾಗುತ್ತದೆ.

3. ಮನೆಯವರೆಲ್ಲರ ಪಾಲು

ಚಿಕಿತ್ಸಕರು ಇರುವುದು ವಾರಕ್ಕೆ ಕೆಲವೇ ಗಂಟೆ. ಉಳಿದ ಸಮಯ ನಿಮ್ಮದು. ಸದಭ್ಯಾಸ ಮತ್ತೆ ಮತ್ತೆ ಮಾಡಿದ ಕ್ರಿಯೆಯಿಂದ ಬೇರೂರುತ್ತದೆ ಎಂದು ಸಂತ ತೋಮಾಸ್ ಅಕ್ವಿನಾಸ್ ಕಲಿಸುತ್ತಾರೆ. ಕೈತೊಳೆಯುವುದನ್ನೂ ನಲ್ಲಿ ತಿರುಗಿಸುವುದು, ಸೋಪು ಹಚ್ಚುವುದು, ಉಜ್ಜುವುದು, ಒರೆಸುವುದು ಎಂದು ಬಿಡಿಬಿಡಿಯಾಗಿ ಕಲಿಸಿ, ಪ್ರತಿ ಹೆಜ್ಜೆಗೂ ಕೂಡಲೇ ಶಹಭಾಸ್ ಹೇಳಬೇಕು. ಇದು ಲಂಚವಲ್ಲವೇ ಎಂದು ಕೇಳುವವರಿದ್ದಾರೆ. ಅಳು ನಿಲ್ಲಿಸಲೆಂದು ಕೊಡುವ ಚಾಕಲೇಟು ಲಂಚ. ಒಳ್ಳೆಯದನ್ನು ಮಾಡಿದ ಮೇಲೆ ಸಿಗುವುದು ಮೆಚ್ಚುಗೆ.

ಇನ್ನೊಂದು ಎಚ್ಚರಿಕೆ. ಹಟಕ್ಕೆ ಮಣಿಯುವುದನ್ನು ನಿಲ್ಲಿಸಿದಾಗ ಮೊದಮೊದಲು ಹಟ ಇನ್ನೂ ಜೋರಾಗಬಹುದು. ಮೂರನೆಯ ದಿನ ಅಜ್ಜಿ ಕನಿಕರದಿಂದ ಕೊಟ್ಟುಬಿಟ್ಟರೆ, ಇನ್ನಷ್ಟು ಹೊತ್ತು ಅಳಬೇಕು ಎಂಬ ಪಾಠವನ್ನೇ ಮಗು ಕಲಿಯುತ್ತದೆ. ಆದುದರಿಂದ ಅಪ್ಪ, ಅಜ್ಜ, ಅಜ್ಜಿ ಎಲ್ಲರೂ ಚಿಕಿತ್ಸಕರೊಡನೆ ಕುಳಿತು ಒಂದೇ ಮಾತಿಗೆ ಬರಲಿ. ಮಗು ತನ್ನನ್ನೇ ಗಾಯಮಾಡಿಕೊಳ್ಳುವಂತಿದ್ದರೆ ಏನು ಮಾಡಬೇಕೆಂದು ಮೊದಲೇ ಕೇಳಿಕೊಳ್ಳಿ.

4. ಏನನ್ನು ನಿರೀಕ್ಷಿಸಬಾರದು

ಆಟಿಸಂ ವಾಸಿಯಾಗಿ ಮಾಯವಾಗುತ್ತದೆ ಎಂದು ನಿರೀಕ್ಷಿಸಬೇಡಿ. ಹಾಗೆ ಭರವಸೆ ಕೊಡುವವರಿಂದ ದೂರವಿರಿ. ಪ್ರಗತಿಯನ್ನು ತಿಂಗಳುಗಳಲ್ಲಿ ಅಳೆಯಬೇಕು. ಚಿಕಿತ್ಸಕರ ದಾಖಲೆಯನ್ನು ಕೇಳಿ ನೋಡಿ. ಏನೂ ಬದಲಾಗದಿದ್ದರೆ ಯೋಜನೆ ಬದಲಾಗಬೇಕು.

ಪಕ್ಕದ ಮನೆಯ ಮಗುವಿನಂತೆ ಕಾಣುವುದು ಗುರಿಯಲ್ಲ. ಸಂತೋಷವಾದಾಗ ಕೈ ಅಲ್ಲಾಡಿಸುವುದರಿಂದ ಯಾರಿಗೂ ಕೇಡಿಲ್ಲದಿದ್ದರೆ ಅದನ್ನು ತಡೆಯುವುದೇಕೆ? 1960ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಆರಂಭದ ಪ್ರಯೋಗಗಳಲ್ಲಿ ಮಕ್ಕಳಿಗೆ ಏಟು, ವಿದ್ಯುತ್ ಆಘಾತ ಕೊಟ್ಟದ್ದೂ ಉಂಟು. ಮಗು ದೇವರ ಪ್ರತಿರೂಪ, ಪಳಗಿಸಬೇಕಾದ ಪ್ರಾಣಿಯಲ್ಲ. ಹೊಡೆಯುವವರನ್ನು, ಊಟ ತಡೆಯುವವರನ್ನು, ಬಾಗಿಲು ಹಾಕಿ ಹೆತ್ತವರನ್ನು ಹೊರಗಿಡುವವರನ್ನು ಕೂಡಲೇ ನಿಲ್ಲಿಸಿ. ಪಾಠದ ಹೊತ್ತಿನಲ್ಲಿ ಮನೆಯ ಹಿರಿಯರೊಬ್ಬರು ಜೊತೆಗಿರಲೇಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ವಿಶೇಷ ಶಿಕ್ಷಕ ಎನ್ನುವವರಲ್ಲಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಕೇಳುವುದು ನಿಮ್ಮ ಹಕ್ಕು.

5. ಎಲ್ಲಿ ವಿಚಾರಿಸಬೇಕು?

ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಮಕ್ಕಳ ತಪಾಸಣೆಯೂ ಹೆತ್ತವರಿಗೆ ಮಾರ್ಗದರ್ಶನವೂ ದೊರೆಯುತ್ತವೆ. ಹತ್ತಿರದಲ್ಲಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಆಟಿಸಂ ಅನ್ನು ಗುರುತಿಸಿದೆ. ಅಂಥವರಿಗಾಗಿ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ನಡೆಸುವ 'ನಿರಾಮಯ' ಆರೋಗ್ಯ ವಿಮೆಯ ಮಿತಿ ವರ್ಷಕ್ಕೆ 1 ಲಕ್ಷ ರೂಪಾಯಿ.

6. ಧರ್ಮಕೇಂದ್ರದ ಪಾಲು

ಮಗು ಕಿರುಚುತ್ತದೆ, ಜನ ತಿರುಗಿ ನೋಡುತ್ತಾರೆ ಎಂದು ಬಲಿಪೂಜೆಗೆ ಬರುವುದನ್ನೇ ಬಿಡುವ ಕುಟುಂಬಗಳಿವೆ. ಇದು ನಾವೆಲ್ಲರೂ ಉತ್ತರ ಕೊಡಬೇಕಾದ ಮಾತು. 2020ರಲ್ಲಿ ರೋಮ್ ಪ್ರಕಟಿಸಿದ ಧರ್ಮೋಪದೇಶದ ಮಾರ್ಗದರ್ಶಿ, ವಿಕಲಚೇತನರಿಗೆ ಸಂಸ್ಕಾರಗಳನ್ನು ಯಾರೂ ನಿರಾಕರಿಸುವಂತಿಲ್ಲ ಎಂದು ಹೇಳುತ್ತದೆ. ಕೈತೊಳೆಯಲು ಕಲಿಸಿದ ರೀತಿಯಲ್ಲೇ ಪ್ರಥಮ ಪರಮಪ್ರಸಾದಕ್ಕೂ ಸಿದ್ಧಪಡಿಸಬಹುದು: ಬಲಿಪೂಜೆಯ ಕ್ರಮವನ್ನು ಚಿತ್ರಗಳಲ್ಲಿ ತೋರಿಸುವುದು, ಖಾಲಿ ದೇವಾಲಯದಲ್ಲಿ ಸಾಲಿನಲ್ಲಿ ನಡೆದು ನೋಡುವುದು, ಪವಿತ್ರೀಕರಿಸದ ರೊಟ್ಟಿಯ ರುಚಿ ಮೊದಲೇ ಪರಿಚಯಿಸುವುದು. ನಿಮ್ಮ ಗುರುಗಳನ್ನೂ ಉಪದೇಶಿಗಳನ್ನೂ ಸಂಕೋಚವಿಲ್ಲದೆ ಕೇಳಿ.

ಕುಟುಂಬದಲ್ಲಿ ಚರ್ಚಿಸಲು:

- ನಮ್ಮ ಮಗುವಿನ ಯಾವ ನಡತೆಯನ್ನು ನಾವು ಹಟವೆಂದು ಬೈದಿದ್ದೇವೆ? ಅದರಿಂದ ಮಗು ಏನನ್ನು ಹೇಳುತ್ತಿರಬಹುದು?
- ಮಗುವನ್ನು ನೋಡಿಕೊಳ್ಳುವ ತಾಯಿಗೆ ವಾರದಲ್ಲಿ ಕೆಲವು ಗಂಟೆ ಬಿಡುವು ಕೊಡಬಲ್ಲವರು ಮನೆಯಲ್ಲಿ, ನೆರೆಯಲ್ಲಿ ಯಾರಿದ್ದಾರೆ?
- ಮುಂದಿನ ಭಾನುವಾರ ಇಂಥ ಕುಟುಂಬ ನಮ್ಮ ಪಕ್ಕದ ಬೆಂಚಿನಲ್ಲಿ ಕುಳಿತರೆ ನಾವೇನು ಮಾಡುತ್ತೇವೆ?