ಗಾಡಿಯ ಸದ್ದು ಮತ್ತು ಕ್ಷಣಕಾಲ ಎಳೆತ ಹೋಗುವುದು

ಸಾಹಿತ್ಯ ಕೂಟದ ಪತ್ರಿಕೆಯಲ್ಲಿ ಮೋಟಾರ್ ಸೈಕಲ್ಲಿಗೆ ಏನು ಕೆಲಸ ಎಂದು ಕೆಲವರು ಕೇಳಬಹುದು. ಕೆಲಸ ಇದೆ. ಪುಣೆಯಲ್ಲಿ ಓದುವ ನಮ್ಮಲ್ಲಿ ಹೆಚ್ಚಿನವರು ದಿನಕ್ಕೊಮ್ಮೆಯಾದರೂ ಎರಡು ಗಾಲಿಯ ಮೇಲೆ ಕೂಡುವವರು. ಬಸ್ಸಿನ ಖರ್ಚು ಉಳಿಸಲೆಂದು ಇಬ್ಬರು ಕೂಡಿ ಒಂದೇ ಗಾಡಿಯಲ್ಲಿ ಸಾತಾರಾ, ಕೊಲ್ಹಾಪುರ ದಾಟಿ ನಿಪ್ಪಾಣಿ ಮುಟ್ಟುವವರೂ ಇದ್ದಾರೆ. ಆ ದಾರಿಯ ಖಂಬಾಟಕಿ ಘಾಟಿನ ಏರಿನಲ್ಲಿ, ಬೆನ್ನ ಹಿಂದೆ ಲಾರಿ ಇರುವಾಗ, ಎಂಜಿನ್ ಒಂದು ಕ್ಷಣ ಕೈ ಬಿಟ್ಟರೆ ಏನಾದೀತು, ವಿಚಾರ ಮಾಡಿರಿ. ಇನ್ನು ಗ್ಯಾರೇಜಿನಲ್ಲಿ ‘ಎಂಜಿನ್ ಬಿಚ್ಚಬೇಕು’ ಎಂಬ ಒಂದೇ ಮಾತಿಗೆ ಎರಡು ತಿಂಗಳ ಮೆಸ್ಸಿನ ಹಣ ಹೋಗುತ್ತದೆ. ಆದ್ದರಿಂದ ಬಿಚ್ಚುವ ಮೊದಲು ಕಿವಿಗೊಟ್ಟು ಕೇಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ನಾನು ಕಾಮರ್ಸ್ ವಿದ್ಯಾರ್ಥಿ. ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಯಲ್ಲಿ ಕಲಿಯುತ್ತಿದ್ದಾಗ, ರಜೆಯಲ್ಲಿ ಸೋದರಮಾವನ ಗ್ಯಾರೇಜಿನಲ್ಲಿ ಪಾನಾ ಎತ್ತಿಕೊಡುತ್ತ ಕಲಿತದ್ದಷ್ಟೇ ನನ್ನ ವಿದ್ಯೆ. ಆದರೆ ನಮ್ಮ ಬುಕ್‌ಕೀಪಿಂಗ್ ಪಾಠ ಇಲ್ಲಿಯೂ ನಡೆಯುತ್ತದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ನಾವೇನು ಲೆಜರುಗಳನ್ನೆಲ್ಲ ಹರಿದು ಹೊಸದಾಗಿ ಬರೆಯುತ್ತೇವೆಯೆ? ಇಲ್ಲ. ವ್ಯತ್ಯಾಸದ ಮೊತ್ತವನ್ನು 2ರಿಂದ ಭಾಗಿಸುತ್ತೇವೆ, 9ರಿಂದ ಭಾಗಿಸುತ್ತೇವೆ, ತಪ್ಪು ಯಾವ ಜಾತಿಯದು ಎಂದು ಮೊದಲು ಹಿಡಿಯುತ್ತೇವೆ. ಎಂಜಿನ್ನಿಗೂ ಹಾಗೆಯೇ.

1. ಬೇಕಾದವು ಮೂರು

ಪೆಟ್ರೋಲ್ ಇಂಜಿನ್ನಿಗೆ ಸರಿಯಾದ ಹದದ ಪೆಟ್ರೋಲ್-ಗಾಳಿ ಬೇಕು, ಸರಿಯಾದ ಹೊತ್ತಿಗೆ ಕಿಡಿ ಬೇಕು, ಸಿಲಿಂಡರಿನಲ್ಲಿ ಒತ್ತಡ ಅಂದರೆ ಕಂಪ್ರೆಷನ್ ಬೇಕು. ಫೋರ್ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿದೆ ಎನ್ನಿ. ಸೆಕೆಂಡಿಗೆ 100 ಸುತ್ತಾಯಿತು. ಎರಡು ಸುತ್ತಿಗೊಂದು ಸಲ ಉರಿಯುವುದರಿಂದ ಸೆಕೆಂಡಿಗೆ 50 ಸಲ ಉರಿಯಬೇಕು. ಅರ್ಧ ಸೆಕೆಂಡು ಕಿಡಿ ತಪ್ಪಿತೆಂದರೆ 25 ಹೊಡೆತ ಹೋದವು. ನಮಗೆ ಅದು ಒಂದು ಜರ್ಕ್ ಅಷ್ಟೆ.

2. ಎಳೆತ ಹೋದದ್ದು ಹೇಗೆ?

‘ಪಿಕಪ್ ಹೋಯ್ತು’ ಎಂದರೆ ಸಾಲದು. ಹೇಗೆ ಹೋಯಿತು ಎಂದು ಹೇಳಬೇಕು.

(ಅ) ದೀಪದ ಸ್ವಿಚ್ಚು ಆರಿಸಿದ ಹಾಗೆ ತಟ್ಟನೆ ಹೋಗಿ, ತಟ್ಟನೆ ಬಂದರೆ ಹೆಚ್ಚಾಗಿ ಕಿಡಿಯ ದೋಷ. ಪ್ಲಗ್, ಪ್ಲಗ್ಗಿನ ಕ್ಯಾಪ್, ದಪ್ಪ ವೈರು, ಕಾಯಿಲ್, ಹ್ಯಾಂಡಲ್ ತಿರುಗಿಸಿದಾಗ ಎಳೆಯುವ ವೈರಿಂಗ್ ಇವನ್ನು ನೋಡಬೇಕು. ಉರಿಯದೆ ಹೊರಗೆ ಹೋದ ಪೆಟ್ರೋಲು, ಕಿಡಿ ಮರಳಿದಾಗ ಸೈಲೆನ್ಸರಿನಲ್ಲಿ ‘ಫಟ್’ ಎಂದು ಹೊತ್ತಿಕೊಳ್ಳುವುದೂ ಉಂಟು.

(ಆ) ಎಣ್ಣೆ ತೀರಿದ ಹಣತೆಯಂತೆ ಮೆಲ್ಲಗೆ ಕುಸಿದರೆ ಪೆಟ್ರೋಲಿನ ದೋಷ. ಟಾಕಿಯ ಮುಚ್ಚಳದಲ್ಲಿ ಗಾಳಿ ಹೋಗಲು ಸಣ್ಣ ದಾರಿ ಇರುತ್ತದೆ. ಅದು ಧೂಳಿನಿಂದ ಕಟ್ಟಿದರೆ ಪೆಟ್ರೋಲ್ ಇಳಿದಂತೆಲ್ಲ ಟಾಕಿಯೊಳಗೆ ನಿರ್ವಾತವಾಗಿ ಹರಿವು ನಿಲ್ಲುತ್ತದೆ. ನಾಲ್ಕೈದು ಕಿಲೋಮೀಟರ್ ಚೆನ್ನಾಗಿ ಓಡಿ ನಿಲ್ಲುವ ಗಾಡಿಯ ಮುಚ್ಚಳ ತೆಗೆದು ನೋಡ್ರಿ. ‘ಸುಸ್’ ಎಂದು ಗಾಳಿ ಒಳಗೆ ಹೋಗಿ, ಗಾಡಿ ಮತ್ತೆ ಹೊರಟರೆ ರೋಗ ಅಲ್ಲಿಯೇ ಇದೆ. ಮಳೆಗಾಲದಲ್ಲಿ ಪೆಟ್ರೋಲಿಗೆ ನೀರು ಸೇರುವುದೂ ಒಂದು ಕಾರಣ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲು ನೀರನ್ನು ಹೀರುವ ಗುಣದ್ದು. ಆದ್ದರಿಂದ ತಿಂಗಳುಗಟ್ಟಲೆ ನಿಂತ ಗಾಡಿಯ ಟಾಕಿ ಬಗ್ಗೆ ಎಚ್ಚರ ಬೇಕು.

(ಇ) ಎಂಜಿನ್ ಜೋರಾಗಿ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಇದು ಎಂಜಿನ್ನಿನ ದೋಷವೇ ಅಲ್ಲ, ಕ್ಲಚ್ ಜಾರುತ್ತಿದೆ.

(ಈ) ಸದ್ದು ಬಿಗಿಯಾಗುತ್ತ ಬಂದು ಯಾರೋ ಹಿಂದಿನಿಂದ ಹಿಡಿದು ಎಳೆದಂತಾದರೆ ಪಿಸ್ಟನ್ ಹಿಡಿಯುತ್ತಿದೆ. ಆಯಿಲ್ ಕಡಿಮೆಯಾಗಿ ಕಾದಾಗ ಹೀಗಾಗುತ್ತದೆ. ಕೂಡಲೇ ಕ್ಲಚ್ ಹಿಡಿದು ಬದಿಗೆ ಬರಬೇಕು. ತಡಮಾಡಿದರೆ ಹಿಂದಿನ ಗಾಲಿಯೇ ಕಚ್ಚಿಕೊಳ್ಳುತ್ತದೆ. ಇದೊಂದರಲ್ಲಿ ಪರೀಕ್ಷೆ ಗಿರೀಕ್ಷೆ ಬೇಡ, ಮೊದಲು ಜೀವ.

3. ಸದ್ದಿಗೆ ಹೆಸರಿಡುವುದು

ಇಲ್ಲಿ ಕನ್ನಡ ಕಲಿತವರಿಗೆ ಒಂದು ಅನುಕೂಲವಿದೆ. ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದು ಬಾಯಿಪಾಠ ಮಾಡಿದ ಚಟಚಟ, ದಡದಡ, ಕರಕರಗಳು ಗ್ಯಾರೇಜಿನಲ್ಲಿ ಪ್ರಯೋಜನಕ್ಕೆ ಬರುತ್ತವೆ. ಪುಣೆಯ ಮಿಸ್ತ್ರಿ ಮರಾಠಿಯಲ್ಲಿ ‘ಕಸಾ ಆವಾಜ್ ಯೇತೊ?’ ಎಂದು ಕೇಳಿದಾಗ ಸದ್ದನ್ನೇ ಅನುಕರಿಸಿ ತೋರಿಸಿದರೆ ಅನುವಾದವೇ ಬೇಕಾಗುವುದಿಲ್ಲ.

ಟಿಕ್‌ಟಿಕ್: ಎಂಜಿನ್ನಿನ ತಲೆಯಿಂದ ಬರುವ ಸಣ್ಣ, ಸಮನಾದ ಸದ್ದು. ಇದು ವಾಲ್ವಿನ ಟ್ಯಾಪೆಟ್. ಕ್ಯಾಮ್ ಅರ್ಧ ವೇಗದಲ್ಲಿ ತಿರುಗುವುದರಿಂದ ಎಂಜಿನ್ನಿನ ಎರಡು ಸುತ್ತಿಗೊಂದು ಸಲದ ಲೆಕ್ಕದಲ್ಲಿ ಕೇಳುತ್ತದೆ. ಸ್ವಲ್ಪ ಟಿಕ್‌ಟಿಕ್ ಇದ್ದರೆ ಗಾಬರಿ ಬೇಡ. ಸಣ್ಣ ಎಂಜಿನ್ನುಗಳಲ್ಲಿ ಈ ಸಂದು ಸಾಮಾನ್ಯವಾಗಿ 0.05ರಿಂದ 0.10 ಮಿಲಿಮೀಟರ್ ಇರುತ್ತದೆ. ಎಂಜಿನ್ ತಣ್ಣಗಿರುವಾಗಲೇ ಅಳೆಯತಕ್ಕದ್ದು, ಪುಸ್ತಕದಲ್ಲಿ ಕೊಟ್ಟ ಅಳತೆಯೇ ಪ್ರಮಾಣ. ಕೆಲವರು ಸದ್ದೇ ಬೇಡವೆಂದು ಪೂರಾ ಬಿಗಿ ಮಾಡಿಸುತ್ತಾರೆ. ಆಗ ಕಾದ ಮೇಲೆ ವಾಲ್ವು ಸರಿಯಾಗಿ ಮುಚ್ಚದೆ ಒತ್ತಡ ಸೋರುತ್ತದೆ. ಸದ್ದು ಹೋಯಿತು, ಜೊತೆಗೆ ಎಳೆತವೂ ಹೋಯಿತು! ಮೌನವೆಲ್ಲ ಆರೋಗ್ಯವಲ್ಲ.

ಕಿಣಿಕಿಣಿ: ಟಾಪ್ ಗೇರಿನಲ್ಲಿ ಏರು ಹತ್ತಿಸುವಾಗ ಬರುವ ಲೋಹದ ಸದ್ದು. ಒಳಗೆ ಪೆಟ್ರೋಲ್ ಹದ ತಪ್ಪಿ ಸಿಡಿಯುತ್ತಿದೆ. ಗೇರ್ ಇಳಿಸಿದರೆ ನಿಲ್ಲುತ್ತದೆ. ಇದೇ ಅಭ್ಯಾಸವಾದರೆ ಪಿಸ್ಟನ್ನಿಗೆ ಪೆಟ್ಟು.

ಕರಕರ: ರೇಸ್ ಬಿಟ್ಟಾಗ ಹೆಚ್ಚಾಗುವುದು ಟೈಮಿಂಗ್ ಚೈನ್.

ದಬದಬ: ಬುಡದಿಂದ ಬರುವ ಭಾರವಾದ ಸದ್ದು, ಎಂಜಿನ್ನಿನ ಮೇಲೆ ಭಾರ ಬಿದ್ದಷ್ಟೂ ಹೆಚ್ಚು. ಇದು ಬೇರಿಂಗ್. ಗಾಡಿ ಓಡಿಸಬೇಡಿ.

ಎಲ್ಲ ಹೆಸರೂ ಎಲ್ಲ ಗಾಡಿಗೂ ಸಲ್ಲವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್ ಗಾಡಿಗಳು. ಅವುಗಳಲ್ಲಿ ವಾಲ್ವುಗಳೇ ಇಲ್ಲ. ಅಜ್ಜನ ಕಾಲದ ಯೆಜ್ಡಿಗೆ ‘ಟ್ಯಾಪೆಟ್ ಸದ್ದು’ ಎಂದರೆ ಮಿಸ್ತ್ರಿ ನಕ್ಕಾನು.

4. ಒಂದು ಉದಾಹರಣೆ

ಹಾಸ್ಟೆಲಿನ ಗೆಳೆಯನೊಬ್ಬನ 150 ಸಿಸಿ ಗಾಡಿ, ಹತ್ತು ವರ್ಷ ಹಳೆಯದು. ಜುಲೈ ಮಳೆಯಲ್ಲಿ ‘ಚಟ್ ಚಟ್’ ಸದ್ದು ಹತ್ತಿತು. ಹಿಂದೆ ಒಬ್ಬರನ್ನು ಕೂಡಿಸಿಕೊಂಡು ಕಾತ್ರಜ್ ಘಾಟ್ ಏರುವಾಗ ಕ್ಷಣಕ್ಷಣಕ್ಕೆ ಎಳೆತ ಹೋಗುವುದು, ‘ಫಟ್’ ಎನ್ನುವುದು, ಮತ್ತೆ ಬರುವುದು. ಒಂದು ಗ್ಯಾರೇಜಿನವರು ‘ವಾಲ್ವು, ಪಿಸ್ಟನ್ ಎರಡೂ ಹೋಗಿವೆ, ಏಳು ಸಾವಿರ’ ಅಂದರು.

ನಾವು ಕ್ರಮವಾಗಿ ನೋಡಿದೆವು. ಟಾಕಿಯ ಮುಚ್ಚಳ ಸಡಿಲಿಸಿ ಓಡಿಸಿದರೂ ವ್ಯತ್ಯಾಸವಿಲ್ಲ. ಎಂಜಿನ್ ಬರಿದೇ ಕೂಗುವುದಿಲ್ಲ, ಆದ್ದರಿಂದ ಕ್ಲಚ್ ಅಲ್ಲ. ಎಳೆತ ಹೋಗುವುದು ತಟ್ಟನೆ, ಅಂದರೆ ಕಿಡಿ. ರಾತ್ರಿ ಹಾಸ್ಟೆಲಿನ ಅಂಗಳದಲ್ಲಿ ದೀಪ ಆರಿಸಿ, ಗಾಡಿ ಚಾಲೂ ಇಟ್ಟು ರೇಸ್ ಕೊಟ್ಟು ನೋಡಿದರೆ, ಪ್ಲಗ್ ಕ್ಯಾಪಿನ ಬಿರುಕಿನಿಂದ ಎಂಜಿನ್ನಿನ ರೆಕ್ಕೆಗಳಿಗೆ ನೀಲಿ ಕಿಡಿ ಹಾರುತ್ತಿತ್ತು. ಪ್ರತಿ ಕಿಡಿಗೂ ಒಂದು ‘ಚಟ್’.

ಸದ್ದು, ಎಳೆತ ಎರಡಕ್ಕೂ ಕಾರಣ ಒಂದೇ ಆಗಿತ್ತು. ಏರಿನಲ್ಲಿ ಪೂರ್ತಿ ರೇಸ್ ಕೊಟ್ಟಾಗ ಸಿಲಿಂಡರಿನ ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಪ್ಲಗ್ಗಿನ ಸಂದು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಹೊರಗೆ ಒದ್ದೆ ಬಿರುಕಿನ ದಾರಿ ಸುಲಭವಾಗಿದ್ದರೆ ಅದು ಆ ದಾರಿಯನ್ನೇ ಹಿಡಿಯುತ್ತದೆ. ಸಪಾಟು ರಸ್ತೆಯಲ್ಲಿ ರೋಗ ಕಾಣದಿದ್ದುದು ಇದಕ್ಕೇ. ಹೊಸ ಕ್ಯಾಪಿಗೆ ಇನ್ನೂರು ರೂಪಾಯಿ ಕೂಡ ಆಗಲಿಲ್ಲ. ಮರುದಿನ ಇಬ್ಬರೂ ಕೂತು ಕಾತ್ರಜ್ ಏರಿದೆವು, ಗಾಡಿ ಒಮ್ಮೆಯೂ ತಪ್ಪಲಿಲ್ಲ.

ಈ ಪರೀಕ್ಷೆ ಮಾಡುವವರು ಬಯಲಿನಲ್ಲೇ ಮಾಡಬೇಕು. ಮುಚ್ಚಿದ ಕೋಣೆಯಲ್ಲಿ ಹೊಗೆ ವಿಷ. ವೈರು ಮುಟ್ಟಬಾರದು, ಹತ್ತಿರ ಪೆಟ್ರೋಲ್ ಚೆಲ್ಲಿರಬಾರದು.

5. ಗ್ಯಾರೇಜಿಗೆ ಹೋಗುವ ಮೊದಲು

ಏಪ್ರಿಲ್ 2020ರಿಂದ ಬಿಎಸ್-6 ನಿಯಮ ಬಂದ ಮೇಲಿನ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕಾರ್ಬುರೇಟರ್ ಇಲ್ಲ, ಫ್ಯೂಯೆಲ್ ಇಂಜೆಕ್ಷನ್ ಇದೆ. ಅವುಗಳ ಮೀಟರಿನಲ್ಲಿ ಎಂಜಿನ್ ದೀಪ ಹತ್ತಿದರೆ ಯಂತ್ರ ಹಚ್ಚಿ ದೋಷದ ಸಂಕೇತ ಓದಿಸಬಹುದು. ಆದರೂ ಬೇರಿಂಗಿನ ದಬದಬ, ಕ್ಲಚ್ಚಿನ ಜಾರು ಯಾವ ಸಂಕೇತದಲ್ಲಿಯೂ ಬರುವುದಿಲ್ಲ. ಅವಕ್ಕೆ ಈಗಲೂ ನಮ್ಮ ಕಿವಿಯೇ ಗತಿ.

ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿರಿ: ಸದ್ದು ಯಾವುದು, ಎಲ್ಲಿಂದ, ಗಾಡಿ ತಣ್ಣಗಿದ್ದಾಗಲೋ ಕಾದಾಗಲೋ, ಏರಿನಲ್ಲೋ ಸಪಾಟಿನಲ್ಲೋ, ಎಳೆತ ತಟ್ಟನೆ ಹೋಯಿತೋ ಮೆಲ್ಲಗೋ, ಮೊದಲು ಬಂದದ್ದು ಸದ್ದೋ, ಹೋದದ್ದು ಎಳೆತವೋ, ಕಡೆಯ ಸಲ ಆಯಿಲ್ ಬದಲಿಸಿದ್ದು ಎಷ್ಟು ಕಿಲೋಮೀಟರಿಗೆ. ‘ಕಾಕಾ, ಒಂದು ಸಲಕ್ಕೆ ಒಂದೇ ಸಾಮಾನು ಬದಲಿಸಿ, ಓಡಿಸಿ ನೋಡೋಣ’ ಎಂದು ವಿನಯದಿಂದ ಹೇಳಿರಿ. ನಾಲ್ಕು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ಯಾರಿಗೂ ತಿಳಿಯುವುದಿಲ್ಲ, ಬಿಲ್ಲು ಮಾತ್ರ ನಾಲ್ಕರದೂ ಬರುತ್ತದೆ. ತೆಗೆದ ಹಳೆಯ ಸಾಮಾನನ್ನು ಕೇಳಿ ಇಸಿದುಕೊಳ್ಳಿರಿ. ದೀಪಾವಳಿಗೆ ಊರ ಕಡೆ ಗಾಡಿ ಹೊರಡಿಸುವವರು ಈ ಚೀಟಿಯನ್ನು ಒಂದು ವಾರ ಮೊದಲೇ ಬರೆಯುವುದು ಒಳ್ಳೆಯದು.