ಓದಿದ್ದು ತಲೆಯಲ್ಲಿ ನಿಲ್ಲಬೇಕೆ?

ಪುಸ್ತಕವನ್ನು ನಾಲ್ಕು ಸಲ ತಿರುವಿ ಹಾಕಿಯೂ ಪರೀಕ್ಷೆಯಲ್ಲಿ ಪೆನ್ನು ಕಚ್ಚುತ್ತ ಕೂರುವವರಿಗೆ ಈ ಸೂತ್ರಗಳು. ತಲೆಗೆ ತುಂಬುವುದನ್ನಲ್ಲ, ತುಂಬಿದ್ದನ್ನು ಹೊರತೆಗೆಯುವುದನ್ನು ಅಭ್ಯಾಸ ಮಾಡಿ.

1. ಮೊಬೈಲ್ ಪಕ್ಕದ ಕೋಣೆಯಲ್ಲಿರಲಿ. ಕಣ್ಣಿಗೆ ಬಿದ್ದ ಚಿತ್ರ ನೆನಪಿನ ಮೊದಲ ಹಂತವಾದ ಸಂವೇದನಾ ಸ್ಮೃತಿಯಲ್ಲಿ ಒಂದು ಸೆಕೆಂಡೂ ಉಳಿಯದು. ಗಮನ ಕೊಟ್ಟದ್ದಷ್ಟೇ ಮುಂದಿನ ಹಂತಕ್ಕೆ ಹೋಗುತ್ತದೆ.

2. ಗುಂಪು ಕಟ್ಟಿ. ಆ ಮುಂದಿನ ಹಂತವೇ ಅಲ್ಪಾವಧಿ ಸ್ಮೃತಿ. ಅಲ್ಲಿ ಜಾಗ ಬಹಳ ಕಡಿಮೆ. ಸುಮಾರು ಏಳು ಸಂಗತಿ ಹಿಡಿಯುತ್ತದೆ ಎಂದು 1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಬರೆದರು. ನಂತರದವರು ಅದನ್ನು ನಾಲ್ಕಕ್ಕೇ ಇಳಿಸಿದರು. ಕರ್ನಾಟಕದ 31 ಜಿಲ್ಲೆಗಳನ್ನು ಒಂದೇ ಉಸಿರಿಗೆ ಉರು ಹೊಡೆಯಬೇಡಿ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂದು ನಾಲ್ಕು ಕಂದಾಯ ವಿಭಾಗಗಳಾಗಿ ಒಡೆದುಕೊಳ್ಳಿ.

3. ಪುಸ್ತಕ ಮುಚ್ಚಿ ಬರೆಯಿರಿ. ಒಂದೇ ಒಂದು ಸೂತ್ರ ಪಾಲಿಸುವುದಾದರೆ ಇದನ್ನು ಪಾಲಿಸಿ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಕೆಲವು ವಿದ್ಯಾರ್ಥಿಗಳಿಂದ ಪಾಠವನ್ನು ಮತ್ತೆ ಮತ್ತೆ ಓದಿಸಿದರು. ಇನ್ನು ಕೆಲವರಿಂದ ಓದಿದ್ದನ್ನು ನೋಡದೆ ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರದೇ ಮೇಲುಗೈ. ವಾರ ಕಳೆದು ಕೇಳಿದರೆ ಬರೆದವರು ಗೆದ್ದಿದ್ದರು! ಮರುಓದು ‘ನನಗೆಲ್ಲ ಬರುತ್ತದೆ’ ಎಂಬ ಹುಸಿ ಧೈರ್ಯ ಕೊಡುತ್ತದೆ. ಬಿಳಿ ಹಾಳೆಯ ಮುಂದೆ ಆ ಧೈರ್ಯ ನಡೆಯದು.

4. ಬಿಟ್ಟು ಬಿಟ್ಟು ಓದಿ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಾಂಶಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವನ್ನು ಅಳೆದು 1885ರಲ್ಲಿ ಪ್ರಕಟಿಸಿದ. ಮರೆವಿನ ಹೊಡೆತ ಮೊದಮೊದಲೇ ಜೋರು, ಆಮೇಲೆ ನಿಧಾನ. ಹಾಗಾಗಿ ಇಂದಿನ ಪಾಠವನ್ನು ನಾಳೆ ಒಮ್ಮೆ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ನೆನಪಿಸಿಕೊಳ್ಳಿ.

5. ಲೆಕ್ಕವನ್ನು ಓದಬೇಡಿ, ಮಾಡಿ. ಕಲಿತದ್ದು ಬಹುಕಾಲ ಉಳಿಯುವ ದೀರ್ಘಾವಧಿ ಸ್ಮೃತಿಯೂ ಒಂದೇ ಬಗೆಯದಲ್ಲ: ಅನುಭವಕ್ಕೊಂದು, ತಿಳಿವಳಿಕೆಗೊಂದು, ಕೌಶಲಕ್ಕೊಂದು. ಮೂರ್ಛೆರೋಗಕ್ಕಾಗಿ 1953ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯಾದ ಹೆನ್ರಿ ಮೊಲೈಸನ್‌ಗೆ ಆಮೇಲೆ ನಡೆದ ಬಹುತೇಕ ಯಾವುದೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಆದರೂ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ತಿದ್ದುವುದನ್ನು ದಿನದಿಂದ ದಿನಕ್ಕೆ ಚೆನ್ನಾಗಿ ಕಲಿತ. ಹಿಂದೆ ತಿದ್ದಿದ್ದೇ ಅವನಿಗೆ ಗೊತ್ತಿರಲಿಲ್ಲ. ಕೈ ಕಲಿಯುವ ದಾರಿಯೇ ಬೇರೆ: ಮಾಡಿಯೇ ಕಲಿಯಬೇಕು. ಲೆಕ್ಕ, ಟೈಪಿಂಗ್, ವೀಣೆ, ಈಜು ಎಲ್ಲಕ್ಕೂ ಇದೇ ಮಾತು.

6. ನಿದ್ದೆಗೆಡಬೇಡಿ. ಹಗಲು ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದರಲ್ಲಿ ನಿದ್ದೆಯ ಪಾಲು ದೊಡ್ಡದು.

ಜ್ಞಾಪಕಶಕ್ತಿಯ ಟಾನಿಕ್‌ಗೆ ಹಣ ಸುರಿಯುವ ಮೊದಲು, ಮುಂದಿನ ಕಿರುಪರೀಕ್ಷೆಗೆ ಮೂರನೆಯ ಸೂತ್ರವೊಂದನ್ನಾದರೂ ಪ್ರಯೋಗಿಸಿ ನೋಡಿ.